ಶಿವಗಂಗಾ ಅವರ ಸಂದರ್ಶನ

ಕಾಶಿನಾಥ ಬದುಕಿನ ಬಹುಪಾಲನ್ನು ಬೀಜ ಮಾರುವುದರಲ್ಲೇ ಕಳೆದಿದ್ದ. ಹತ್ತಿಯಿರಲಿ, ಮೆಕ್ಕೆಜೋಳವಿರಲಿ, ಕಂಪನಿ ಯಾವ ಪಾಕೀಟು ಕೈಗಿಟ್ಟರೂ ಅದನ್ನು ತೆಲಂಗಾಣದ ಹಳ್ಳಿಗಳಲ್ಲಿ ತೆಲುಗಿನಲ್ಲಿ, ಗಡಿಯಾಚೆ ಕನ್ನಡದಲ್ಲಿ, ಅಂಗಡಿಯ ಸೇಠನೆದುರು ಹಿಂದಿಯಲ್ಲಿ ಹೊಗಳಬಲ್ಲವನಾಗಿದ್ದ. ಆ ಕಂಪನಿಯನ್ನು ಇನ್ನೊಂದು ದೊಡ್ಡ ಕಂಪನಿ ಕೊಂಡುಕೊಂಡಾಗ ಬೇಗಂಪೇಟೆಯ ಆಫೀಸು ಮುಚ್ಚಿತು. ಹುಡುಗರನ್ನು ಉಳಿಸಿಕೊಂಡರು, ಐವತ್ತು ದಾಟಿದವರಿಗೆ ಶಾಲು ಹೊದಿಸಿ ಕಳಿಸಿದರು.

ಆಮೇಲಿನ ಚಳಿಗಾಲವನ್ನು ಅವನು ನಗರದ ಅಂಚಿನಲ್ಲಿದ್ದ ಚಿಂತಲ್‌ನ ಮನೆಯಲ್ಲಿ ಕಳೆದ. ಎರಡನೇ ಮಹಡಿಯ ಮನೆ. ಜೀಡಿಮೆಟ್ಲಾದ ಕಾರ್ಖಾನೆಗಳ ಕಡೆಯಿಂದ ಗಾಳಿ ಬೀಸಿದ ದಿನ ಕಿಟಕಿ ಹಾಕಿಕೊಳ್ಳಬೇಕು. ಮಗಳು ಉಮಾಶ್ರೀ ಪುಣೆಯಲ್ಲಿ ಗಂಡನ ಮನೆಯಲ್ಲಿದ್ದಳು. ಉಳಿದವರು ಅವನು, ಹೆಂಡತಿ ಶಿವಗಂಗಾ. ಬೆಳಿಗ್ಗೆ ಎದ್ದವನೇ ಹಾಲಿನವನಿಗೆ ಒಂದು ಸಲಹೆ, ತರಕಾರಿ ಗಾಡಿಯವಳಿಗೆ ಒಂದು ಸಲಹೆ, ಮಧ್ಯಾಹ್ನ ಫ್ರಿಜ್ಜಿನಲ್ಲಿ ಏನನ್ನು ಎಲ್ಲಿಡಬೇಕೆಂದು ಹೆಂಡತಿಗೆ ಒಂದು ಸಲಹೆ. ಶಿವಗಂಗಾ ಎಲ್ಲದಕ್ಕೂ ‘ಹೂಂ’ ಅನ್ನುತ್ತಿದ್ದಳು. ಹೂಂ ಅಂದರೆ ಒಪ್ಪಿದಳೆಂದೇ ಅವನು ತಿಳಿದಿದ್ದ.

ಮಾರ್ಚಿನಲ್ಲಿ ಹಳೆಯ ಸಹೋದ್ಯೋಗಿ ಅರವಿಂದ್ ಫೋನ್ ಮಾಡಿದ. ಕೃಷಿ ಅಭಿವೃದ್ಧಿಯ ಬಗ್ಗೆ ಅಧ್ಯಯನ ಮಾಡುವ ಸಂಸ್ಥೆಯೊಂದು ನಾರಾಯಣಪೇಟ ಜಿಲ್ಲೆಯ ಗಡಿ ಹಳ್ಳಿಗಳಿಗೆ ಜನರನ್ನು ಹುಡುಕುತ್ತಿದೆ, ಕನ್ನಡ ತೆಲುಗು ಎರಡೂ ಬರಬೇಕು, ಒಕ್ಕಲು ಮನೆಗಳಲ್ಲಿ ಹೊಲದ ತೀರ್ಮಾನಗಳನ್ನು ಯಾರು ಹೇಗೆ ತೆಗೆದುಕೊಳ್ಳುತ್ತಾರೆಂದು ಮಾತಾಡಿಸಿ ತಿಳಿಯುವ ಕೆಲಸ. ಆದರೆ ಮೊದಲು ಅವರದೇ ತರಬೇತಿ ಮುಗಿಸಬೇಕು.

“ರೈತರ ಕೂಡ ಮಾತಾಡೂದು ಹೆಂಗ ಅಂತ ನನಗ ಕಲಸ್ತಾರಂತ,” ಎಂದು ಕಾಶಿನಾಥ ನಕ್ಕ.

“ಕಲೀರಿ. ಮನ್ಯಾಗ ಕುಂತರ ಏನ್ ಬಂತು,” ಎಂದಳು ಶಿವಗಂಗಾ.

ತರಬೇತಿ ನಡೆಯುತ್ತಿದ್ದದ್ದು ಬೇಗಂಪೇಟೆಯ ಗಲ್ಲಿಯೊಂದರ ಕಟ್ಟಡದಲ್ಲಿ, ಅವನ ಹಳೆಯ ಆಫೀಸಿನಿಂದ ಕೂಗಳತೆಯಲ್ಲಿ. ಕಲಿಯಲು ಬಂದವರೆಲ್ಲ ಎಂ.ಎ., ಎಂ.ಎಸ್ಸಿ. ಮುಗಿಸಿದ ಎಳೆಯರು, ಅವನನ್ನು ಮೊದಲ ದಿನ ಕಟ್ಟಡದ ಮ್ಯಾನೇಜರ್ ಅಂದುಕೊಂಡು ಎ.ಸಿ. ಹಾಕಲು ಹೇಳಿದರು. ಪಾಠ ಮಾಡುತ್ತಿದ್ದವಳು ಸ್ನೇಹಲತಾ, ಧಾರವಾಡದ ಕಡೆಯವಳು, ನಲವತ್ತರ ಆಸುಪಾಸು. ಇಂಗ್ಲಿಷು ತೆಲುಗು ಬೆರೆಸಿ ಹೇಳುತ್ತ ಹೇಳುತ್ತ ಕಾಶಿನಾಥನ ಕಡೆ ತಿರುಗಿದಾಗ ಕನ್ನಡಕ್ಕೆ ಇಳಿಯುತ್ತಿದ್ದಳು. ಎಷ್ಟು ಜನ ಹತ್ತಿ ಬಿತ್ತಿದರು ಎನ್ನುವುದು ಮಾತಾಡಿಸಿ ತಿಳಿಯುವ ಈ ವಿಧಾನದ ಪ್ರಶ್ನೆಯಲ್ಲ, ಬಿತ್ತಿದ ಒಬ್ಬಳು ಅದನ್ನು ತನ್ನ ಮಾತಿನಲ್ಲಿ ಹೇಗೆ ಹೇಳುತ್ತಾಳೆ ಎನ್ನುವುದು ಪ್ರಶ್ನೆ ಎಂದಳು. ಇದೇನು ದೊಡ್ಡದು ಎಂದುಕೊಂಡ ಕಾಶಿನಾಥ.

ಎರಡನೇ ದಿನ ಅಣಕು ಸಂದರ್ಶನ. ಕನ್ನಡ ಬಲ್ಲ ಇನ್ನೊಬ್ಬಳೆಂದರೆ ಪೂರ್ವಿ. ಕಲಬುರಗಿಯಿಂದ ಬಂದು ಇಲ್ಲೇ ನೆಲೆ ನಿಂತ ಮನೆಯ ಹುಡುಗಿ. ಅವಳು ರೈತ ಹೆಂಗಸಾದಳು, ಕಾಶಿನಾಥ ಪ್ರಶ್ನೆ ಕೇಳಬೇಕು. ಅವನು ಕುರ್ಚಿ ಮುಂದಕ್ಕೆ ಎಳೆದುಕೊಂಡು ಶುರು ಮಾಡಿದ.

“ಹೋದ ವರ್ಷ ಹತ್ತಿ ಛಲೋ ಬಂದಿರಬೇಕಲ್ರಿ ನಿಮಗ?”

“ಹೂಂನ್ರಿ.”

“ನೀರು ಇನ್ನೊಂದೀಟು ಇದ್ದಿದ್ರ ಇನ್ನೂ ಛಲೋ ಬರತಿತ್ತು. ಹೌದಿಲ್ಲೋ?”

“ಹೌದ್ರಿ.”

“ಬೀಜ ಬದಲಿ ಮಾಡಿದ್ರ ಅನುಕೂಲ ಆಗತೈತಿ ಅಂತ ನಿಮಗೂ ಅನಸಿರಬೇಕು.”

ಪೂರ್ವಿಗೆ ನಗು ತಡೆಯಲಾಗಲಿಲ್ಲ. ಕಾಶಿನಾಥನಿಗೆ ಮಾತ್ರ ಸಂದರ್ಶನ ಸರಾಗವಾಗಿ ಹೋಯಿತೆಂದೇ ಅನಿಸಿತು.

ಮರುದಿನ ಸ್ನೇಹಲತಾ ಆ ಸಂಭಾಷಣೆಯನ್ನು ಅಕ್ಷರಕ್ಕಿಳಿಸಿ ಗೋಡೆಯ ಪರದೆಯ ಮೇಲೆ ಹಾಕಿದಳು. ಕೇಳುವವನ ಮಾತಿಗೆ ಹಳದಿ ಬಣ್ಣ, ಹೇಳುವವಳದಕ್ಕೆ ಬಿಳಿ. ಪುಟ ಸಾಸಿವೆ ಹೊಲದ ಹಾಗೆ ಹಳದಿಯಾಗಿತ್ತು.

“ಇಲ್ಲಿ ರೈತ ಯಾರ್ರಿ, ಕಾಶಿನಾಥ್ ಅವರೇ?” ಎಂದು ಅವಳು ಕೇಳಿದಳು. ದನಿಯಲ್ಲಿ ಚುಚ್ಚುವ ಉದ್ದೇಶವಿರಲಿಲ್ಲ, ಆದರೂ ಚುಚ್ಚಿತು.

ನಂತರ ಅವಳು ಒಂದು ಸಣ್ಣ ಅಭ್ಯಾಸ ಮಾಡಿಸಿದಳು. ಒಂದು ಪ್ರಶ್ನೆ ಕೇಳಬೇಕು, ಉತ್ತರ ಬಂದ ಮೇಲೂ ಸುಮ್ಮನೆ ಕೂತಿರಬೇಕು. ಎದುರಿನವರು ಇನ್ನೂ ಏನಾದರೂ ಹೇಳುವವರೆಗೆ ಬಾಯಿ ತೆರೆಯುವಂತಿಲ್ಲ. ‘ಯಾಕೆ’ ಎಂದು ಕೇಳುವುದೂ ಬೇಡ. ಯಾಕೆ ಎಂದರೆ ಕೆಲವರಿಗೆ ಠಾಣೆಯಲ್ಲಿ ಕೇಳಿದ ಹಾಗಾಗುತ್ತದೆ. ಅದರ ಬಗ್ಗೆ ಇನ್ನೊಂದಿಷ್ಟು ಹೇಳಿ ಎನ್ನಿ, ಸಾಕು. ಎಳೆಯರಿಗೆ ಇದು ಸುಲಭವಾಯಿತು. ಕಾಶಿನಾಥನಿಗೆ ಬೆವರಿಳಿಯಿತು. ಮಾರಾಟದಲ್ಲಿ ಗಿರಾಕಿ ಸುಮ್ಮನಾದನೆಂದರೆ ಅವನು ಕೈಬಿಟ್ಟು ಹೋಗುತ್ತಿದ್ದಾನೆಂದು ಅರ್ಥ. ಆ ಮೌನವನ್ನು ತುಂಬಿದ್ದಕ್ಕೇ ಕಂಪನಿ ಅವನಿಗೆ ಸಂಬಳ ಕೊಟ್ಟಿತ್ತು.

ವಾರದ ಕೊನೆಗೆ ಹೋಮ್‌ವರ್ಕ್ ಕೊಟ್ಟರು. ಒಕ್ಕಲುತನದ ನಂಟಿರುವ, ನಿಮಗೆ ಪರಿಚಯವಿರುವ ಒಬ್ಬರನ್ನು ಸಂದರ್ಶಿಸಿ, ಧ್ವನಿಮುದ್ರಣ ಮಾಡಿ, ಬರೆದು ತನ್ನಿ. ಪ್ರಶ್ನೆಗಳ ಜೊತೆಗೆ ಮೊದಲು ಓದಿ ಹೇಳಬೇಕಾದ ಒಪ್ಪಿಗೆಯ ಮಾತುಗಳ ಹಾಳೆಯೊಂದಿತ್ತು. ಅದು ಔಪಚಾರಿಕವೆಂದು ಕಾಶಿನಾಥ ಮಡಚಿ ಬದಿಗಿಟ್ಟ.

ಭಾನುವಾರ ಅವನಿಗೆ ಯಾರೂ ಸಿಗಲಿಲ್ಲ. ಬಲ್ಲ ರೈತರೆಲ್ಲ ದೂರದಲ್ಲಿದ್ದರು, ಫೋನಿನಲ್ಲಿ ಮಾಡುವಂತಿರಲಿಲ್ಲ. ಶಿವಗಂಗಾ ಹಾಲ್‌ನಲ್ಲಿ ನೆಲದ ಮೇಲೆ ಕೂತು ಮೆಂತ್ಯದ ಸೊಪ್ಪು ಸೋಸುತ್ತಿದ್ದಳು. ಆಗ ಅವನಿಗೆ ಹೊಳೆಯಿತು. ಗುರುಮಠಕಲ್ ಹತ್ತಿರದ ತವರೂರಿನಲ್ಲಿ ಅವಳ ಹೆಸರಿಗೊಂದು ಹೊಲವಿತ್ತು. ಮದುವೆಯ ಹೊತ್ತಿಗೆ ಅವಳಪ್ಪ ಅರಿಷಿಣ ಕುಂಕುಮಕ್ಕೆಂದು ಬಿಟ್ಟುಕೊಟ್ಟದ್ದು. ದ್ಯಾವಪ್ಪನೆಂಬವನು ಪಾಲಿಗೆ ಮಾಡುತ್ತಿದ್ದ. ಕಾಶಿನಾಥ ಅದನ್ನು ‘ನಮ್ಮ ಹೊಲ’ ಎನ್ನುತ್ತಿದ್ದ, ಅಭ್ಯಾಸಬಲದಿಂದ ಒಮ್ಮೊಮ್ಮೆ ‘ಕಂಪನಿ ಪ್ಲಾಟ್’ ಎಂದೂ ಅನ್ನುತ್ತಿದ್ದ.

“ಏ, ನಿನ್ನನ್ನ ಇಂಟರ್‌ವ್ಯೂ ಮಾಡ್ಲೇನು? ಕ್ಲಾಸಿಗೆ ಬೇಕಾಗೇತಿ.”

“ಸೊಪ್ಪು ಸೋಸ್ಕೋತ ಹೇಳಬಹುದಂದ್ರ ಮಾಡ್ರಿ.”

ಅವನು ಮೊಬೈಲನ್ನು ಅವಳ ಮುಂದಿನ ಮೊರದ ಪಕ್ಕ ಇಟ್ಟು, ಚಾಳೀಸು ಏರಿಸಿ, ಹಾಳೆ ನೋಡಿಕೊಂಡು ಓದಿದ. “ನಿಮ್ಮ ಬಗ್ಗೆ ಒಂದಿಷ್ಟು ಹೇಳ್ರಿ. ನೀವು ಏನ್ ಕೆಲಸ ಮಾಡ್ತೀರಿ?”

ಶಿವಗಂಗಾ ತಲೆಯೆತ್ತಿ ನೋಡಿದಳು. “ನನಗ ‘ನೀವು’ ಅನ್ನಾಕತ್ತೀರಲ್ಲ!”

“ಹಾಳ್ಯಾಗ ಹಂಗ ಐತಿ.”

“ಇರ್ಲಿ, ಕೇಳಾಕ ಛಂದ ಆಗತೈತಿ.” ಅವಳು ಒಂದು ಕಟ್ಟು ಬಿಚ್ಚಿದಳು. “ನಾನು ಒಕ್ಕಲುತನ ಮಾಡ್ತೀನಿ.”

ಅವನ ಬಾಯಿಗೆ ನಗು ಬಂದಿತ್ತು. ಅದರ ಬೆನ್ನಿಗೇ ಹಳದಿ ಪುಟ ಕಣ್ಣ ಮುಂದೆ ಬಂತು. ನಗು ನುಂಗಿಕೊಂಡು ಸುಮ್ಮನೆ ಕೂತ. ಫ್ಯಾನು ತಿರುಗುತ್ತಿತ್ತು. ಕೆಳಗೆ ಯಾರೋ ಆಟೋದವನ ಜೊತೆ ಜಗಳವಾಡುತ್ತಿದ್ದರು. ಅವನು ಸುಮ್ಮನಿದ್ದದ್ದು ಶಿವಗಂಗಾಗೆ ವಿಚಿತ್ರವೆನಿಸಿರಬೇಕು. ಅವಳೇ ಮಾತು ಮುಂದುವರಿಸಿದಳು.

“ವಾರಕ್ಕೊಮ್ಮೆ ದ್ಯಾವಪ್ಪನ ಹೇಣ್ತಿ ಬಂಡೆಮ್ಮ ಫೋನ್ ಮಾಡ್ತಾಳ. ಏನ್ ಬಿತ್ತಬೇಕು, ಎಲ್ಲಿ ಬಿತ್ತಬೇಕು, ಕಳೇವು ಯಾವಾಗ ತಗೀಬೇಕು, ಎಲ್ಲಾ ನಾವಿಬ್ಬರೇ ಮಾತಾಡ್ಕೊತೀವಿ. ನೀವು ಮನ್ಯಾಗ ಇಲ್ಲದಾಗ.”

“ಅದರ ಬಗ್ಗೆ ಇನ್ನೊಂದಿಷ್ಟು ಹೇಳ್ರಿ,” ಎಂದ ಕಾಶಿನಾಥ. ದನಿ ತನ್ನದಲ್ಲವೆನ್ನಿಸಿತು.

“ಏನ್ ಹೇಳ್ಲಿ. ಆ ಹೊಲದಾಗ ನೀವು ಕಂಪನಿ ಹತ್ತಿ ಹಾಕಿಸಿದ್ರಿ. ರಸ್ತಾದ ಕಡೆ ದೊಡ್ಡ ಬೋರ್ಡು ನಿಲ್ಲಿಸಿದ್ರಿ. ಬೋರ್ಡಿನ ಮ್ಯಾಲೆ ಕಂಪನಿ ಹೆಸರು, ಬೀಜದ ಹೆಸರು, ದ್ಯಾವಪ್ಪನ ಹೆಸರು, ನಿಮ್ಮ ಫೋನ್ ನಂಬರು. ನನ್ನ ಹೊಲ ಅಂತ ಒಂದಕ್ಷರ ಇದ್ದಿಲ್ಲ. ಒಂದು ವರ್ಷ ನಾ ಅಂದೆ, ಈ ಸಲ ಹತ್ತಿ ಬ್ಯಾಡ, ತೊಗರಿ ಹಾಕೂಣು ಅಂತ. ನೀವು ‘ಆತು, ನೋಡೂಣು’ ಅಂದ್ರಿ. ಹದಿನೈದು ದಿನಕ್ಕ ಹೊಸಾ ಬೋರ್ಡು ಬಂತು.”

ಕಾಶಿನಾಥನಿಗೆ ಆ ಮಾತುಕತೆ ನೆನಪೇ ಇರಲಿಲ್ಲ. ಇಲ್ಲ ಎನ್ನಲು ಬಾಯಿ ತೆರೆದ. ಮೊಬೈಲಿನ ಮೇಲೆ ಕೆಂಪು ಚುಕ್ಕೆ ಮಿನುಗುತ್ತಿತ್ತು. ಬಾಯಿ ಮುಚ್ಚಿದ.

“ಅವತ್ತಿಂದ ನಾನು ಬಂಡೆಮ್ಮಗ ಹೇಳಿದೆ. ರಸ್ತಾದ ಕಡೆ ಅವರ ಹತ್ತಿ ಇರ್ಲಿ. ಬದು ದಾಟಿದ ಮ್ಯಾಲೆ ಹಿಂದಿನ ಅರ್ಧಕ್ಕ ನಮ್ಮ ತೊಗರಿ, ನಡುವ ಸಾಲಿಗೊಂದು ಜೋಳ. ಹಂಗ ನಡಕೊಂಡು ಬಂದೈತಿ. ನಮ್ಮ ಮನ್ಯಾಗಿನ ಬ್ಯಾಳಿ ಎಲ್ಲಾ ಅಲ್ಲೀದು. ನೀವು ಹೊಲದ ಹಿಂದಕ್ಕ ಎಂದೂ ಹೋಗೇ ಇಲ್ಲ. ಬೋರ್ಡಿನ ಮುಂದ ನಿಂತು ಫೋಟೋ ತಗಸ್ಕೊಂಡು ಜೀಪ್ ಹತ್ತತಿದ್ರಿ.”

ಹೇಳುವಾಗ ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಯಾರದೋ ಮನೆಯ ಸುದ್ದಿ ಹೇಳುವವಳ ಹಾಗೆ ಹೇಳುತ್ತ, ದಂಟು ಮುರಿದು ಬದಿಗೆ ಎಸೆಯುತ್ತಿದ್ದಳು. ಆ ಬೇಳೆಯನ್ನು ತವರಿನವರು ಪ್ರೀತಿಗೆ ಕಳಿಸುವುದೆಂದು ಕಾಶಿನಾಥ ಇಷ್ಟು ವರ್ಷ ನಂಬಿಕೊಂಡಿದ್ದ.

ಕೊನೆಯ ಪ್ರಶ್ನೆ ಮುಂದಿನ ದಿನಗಳ ಬಗ್ಗೆ. ಹೊಲದ ವಿಷಯದಲ್ಲಿ ನಿಮ್ಮ ವಿಚಾರವೇನು?

ಶಿವಗಂಗಾ ಕೈಯಲ್ಲಿದ್ದ ಸೊಪ್ಪನ್ನು ಮೊರದಲ್ಲಿಟ್ಟಳು. “ಈ ಮಳಿಗಾಲಕ್ಕ ನಾನು ಅಲ್ಲಿ ಹೋಗಿ ಇರಬೇಕಂತೀನಿ. ಬಿತ್ತೂದ್ರಿಂದ ಹಿಡದು ರಾಶಿ ಆಗೂತನ.”

“ಅದರ ಬಗ್ಗೆ,” ಎಂದ ಅವನು. ಮುಂದಿನದು ಬರಲಿಲ್ಲ. ಅಷ್ಟೇ ಸಾಕಾಯಿತು.

“ಪಿಂಕಿ ಲಗ್ನ ಆದಾಗಿಂದ ಮನಸ್ಸಿನ್ಯಾಗ ಐತಿ.” ಉಮಾಶ್ರೀಯನ್ನು ಮನೆಯಲ್ಲಿ ಕರೆಯುವುದು ಪಿಂಕಿ ಎಂದು. “ನೀವು ನೌಕರಿ ಬಿಟ್ಟು ಬಂದ ಮ್ಯಾಲೆ ಇನ್ನೂ ಜಾಸ್ತಿ ಆತು. ಮೊದಲ ಹಗಲೆಲ್ಲ ಮನಿ ನಂದಿತ್ತು. ಈಗ ಮನಿ ತುಂಬ ನೀವೇ ಆಗೀರಿ. ಭಾಳ ಮಾತಾಡ್ತೀರಿ. ನಾ ಹೂಂ ಅಂತೀನಿ. ಹೂಂ ಅಂದು ಅಂದು ಸಾಕಾಗೇತಿ.”

ಕಾಶಿನಾಥ ಹಾಳೆಯ ಕೊನೆಯ ಸಾಲನ್ನು ಓದಿದ. “ನಿಮ್ಮ ಅಮೂಲ್ಯ ಸಮಯ ಕೊಟ್ಟಿದ್ದಕ್ಕೆ ಧನ್ಯವಾದಗಳು.”

“ಆತ?” ಎಂದು ಶಿವಗಂಗಾ ಮೊರ ಎತ್ತಿಕೊಂಡು ಅಡುಗೆಮನೆಗೆ ಹೋದಳು. ಸ್ವಲ್ಪ ಹೊತ್ತಿಗೆ ಕುಕ್ಕರಿನ ಸೀಟಿ ಕೇಳಿತು. ಆ ದಿನ ಇಬ್ಬರೂ ಅದರ ಬಗ್ಗೆ ಮತ್ತೆ ಮಾತೆತ್ತಲಿಲ್ಲ. ಅವಳು ಹೇಳಿದ್ದು ಸಂದರ್ಶನದೊಳಗೆ ಹೇಳಿದ್ದು, ಸಂದರ್ಶನ ಮುಗಿದಿತ್ತು.

ಬರೆದಿಳಿಸಲು ಕೂತಾಗ ಅವನಿಗೆ ನೋವಿಗಿಂತ ಹೆಚ್ಚಾಗಿ ಹೆಮ್ಮೆಯಾಯಿತು. ಪುಟದ ತುಂಬ ಬಿಳಿ, ಹಳದಿ ಅಲ್ಲೊಂದು ಇಲ್ಲೊಂದು ಎಳೆ. ಇಂಥ ಸಂದರ್ಶನ ಆ ಎಳೆಯರಲ್ಲಿ ಯಾರೂ ತಂದಿರಲಾರರು. ಒಳ್ಳೆಯ ಫಸಲಿನ ಫೋಟೋ ಮೇಲಧಿಕಾರಿಗೆ ಕಳಿಸುವ ಉಮೇದಿನಲ್ಲೇ ಅವನು ಧ್ವನಿಮುದ್ರಣವನ್ನೂ ಬರಹವನ್ನೂ ಸ್ನೇಹಲತಾಗೆ ಕಳಿಸಿದ.

ಬುಧವಾರ ಅವಳು ಅದನ್ನೇ ತರಗತಿಯಲ್ಲಿ ಹಾಕಿದಳು. ಪೂರ್ವಿ ಉಳಿದವರಿಗೆ ತೆಲುಗಿನಲ್ಲಿ ಅನುವಾದಿಸುತ್ತ ಹೋದಳು. ‘ನೀವು ಅನ್ನಾಕತ್ತೀರಲ್ಲ’ ಎಂಬಲ್ಲಿ ಎಲ್ಲರೂ ನಕ್ಕರು. ಬೋರ್ಡಿನ ಮುಂದೆ ಫೋಟೋ ತೆಗೆಸಿಕೊಂಡ ಮಾತು ಬಂದಾಗ ಜೋರಾಗಿ ನಕ್ಕರು, ಕಾಶಿನಾಥನೂ ನಕ್ಕ. ಮಧ್ಯೆ ಬಾಯಿ ಹಾಕದೆ ಇವರು ಎಷ್ಟು ಚೆನ್ನಾಗಿ ತಡೆದು ಕೂತಿದ್ದಾರೆ ನೋಡಿ ಎಂದು ಸ್ನೇಹಲತಾ ತೋರಿಸಿಕೊಟ್ಟಳು. ಅಷ್ಟರಲ್ಲಿ ‘ಈಗ ಮನಿ ತುಂಬ ನೀವೇ ಆಗೀರಿ’ ಎಂಬ ಮಾತು ಬಂತು. ಪೂರ್ವಿ ಅನುವಾದಿಸದೆ ನಿಂತಳು. ಸ್ನೇಹಲತಾ ಧ್ವನಿ ನಿಲ್ಲಿಸಿದಳು.

“ಒಪ್ಪಿಗಿ ಮಾತು ಇದರಾಗ ಕೇಳಲಿಲ್ಲ. ರೆಕಾರ್ಡಿಗಿಂತ ಮೊದಲ ಓದಿ ಹೇಳಿದ್ರೇನ್ರಿ?”

“ಮನ್ಯಾಕಿನೇ ಅಲ್ರಿ, ಮೇಡಂ.”

“ಇದನ್ನ ಇಲ್ಲಿ ಹಾಕ್ತಾರ, ನಾವೆಲ್ಲಾ ಕೇಳ್ತೀವಿ ಅಂತ ಅವರಿಗೆ ಗೊತ್ತೈತೇನು?”

“ಕ್ಲಾಸಿಗೆ ಬೇಕು ಅಂದಿದ್ನಿ.”

“ಕ್ಲಾಸಿಗೆ ಬೇಕು ಅಂದ್ರ ನೀವು ಕಲಿಯಾಕ ಅಂತ ಅವರು ತಿಳಕೊಂಡಿರ್ತಾರ.” ಅವಳು ಲ್ಯಾಪ್‌ಟಾಪ್ ಮುಚ್ಚಿದಳು. “ನಂದೂ ತಪ್ಪೈತಿ, ಹಾಕೂದಕ್ಕಿಂತ ಮೊದಲ ನಾನು ಕೇಳಬೇಕಾಗಿತ್ತು. ಇವತ್ತ ಮನಿಗೆ ಹೋಗಿ ಅವರನ್ನ ಕೇಳ್ರಿ. ಅವರು ಬ್ಯಾಡಂದ್ರ ಇದು ಇಲ್ಲ ಅಂತ ತಿಳೀರಿ.”

ಚಹಾದ ಹೊತ್ತಿಗೆ ಪೂರ್ವಿ ಅವನಿಗೂ ಒಂದು ಕಪ್ ತಂದುಕೊಟ್ಟಳು.

ಬಸ್ಸಿನಲ್ಲಿ ನಿಂತು ಬರುವಾಗ ಕಾಶಿನಾಥ ಮಾತುಗಳನ್ನು ಜೋಡಿಸಿಕೊಂಡ. ಮನೆಗೆ ಬಂದು ಕೈಕಾಲು ತೊಳೆದು, ಶಿವಗಂಗಾ ಚಹಾ ಇಟ್ಟ ಮೇಲೆ ನಡೆದದ್ದನ್ನು ಹೇಳಿದ. ಅವಳು ಎದುರಿನ ಕುರ್ಚಿಯಲ್ಲಿ ಕೂತಳು.

“ಎಷ್ಟು ಮಂದಿ ಇದ್ರು?”

“ಹದಿನಾಲ್ಕು ಹದಿನೈದು.”

“ನಕ್ಕರೇನು?”

“ಹೂಂ.”

“ಎಲ್ಲಿ ನಕ್ಕರು?”

ಅವನು ಹೇಳಿದ. ಫೋಟೋದ ಮಾತಿಗೆ ನಕ್ಕದ್ದು ಅವಳಿಗೆ ಸರಿ ಕಂಡಿತು. “ಮನಿ ಮಾತೂ ಕೇಳಿದ್ರೇನು?” ಎಂದಳು. ಅವನು ತಲೆಯಾಡಿಸಿದ.

“ಅಳಸ್ರಿ ಅದನ್ನ.”

ಕಾಶಿನಾಥ ಜೋಡಿಸಿಕೊಂಡು ಬಂದದ್ದನ್ನು ಬಿಚ್ಚಿದ. ಇದು ತರಗತಿಯಲ್ಲೇ ಎಲ್ಲಕ್ಕಿಂತ ಒಳ್ಳೆಯ ಸಂದರ್ಶನವೆಂದು ಮೇಡಂ ಹೇಳಿದ್ದಾರೆ. ಹೆಸರು ಬದಲಿಸಬಹುದು, ಊರು ಬದಲಿಸಬಹುದು, ಆ ಒಂದು ಭಾಗ ಕತ್ತರಿಸಬಹುದು. ಅಲ್ಲಿ ಕೇಳಿದವರ್ಯಾರೂ ಚಿಂತಲ್ ಕಡೆ ಬರುವವರಲ್ಲ. ಇನ್ನು ಇದಿಲ್ಲದಿದ್ದರೆ ತರಬೇತಿ ಮುಗಿದಂತಾಗುವುದಿಲ್ಲ, ತರಬೇತಿ ಮುಗಿಯದೆ ಕೆಲಸವಿಲ್ಲ. ಒಂದೊಂದು ಮಾತಿಗೂ ದನಿ ಸಲೀಸಾಗುತ್ತ ಹೋಯಿತು, ಕೈಗಳು ತಾವೇ ಎದ್ದು ಆಡತೊಡಗಿದವು.

ಶಿವಗಂಗಾ ಪೂರ್ತಿ ಕೇಳಿದಳು. “ಈಗ ನೀವು ಬೀಜ ಮಾರಾಕತ್ತೀರಿ,” ಎಂದಳು.

ಅವನ ಕೈ ಅಲ್ಲೇ ನಿಂತಿತು.

ಇಷ್ಟು ವರ್ಷಗಳಲ್ಲಿ ಬೇಡ ಎಂದ ಗಿರಾಕಿಯನ್ನು ಅವನು ಎಂದೂ ಅಷ್ಟಕ್ಕೇ ಬಿಟ್ಟು ಬಂದವನಲ್ಲ. ಈಗ ಬೇರೆ ದಾರಿ ಕಾಣಲಿಲ್ಲ. ಮೊಬೈಲ್ ತೆಗೆದು ಅವಳಿಗೆ ಕಾಣುವಂತೆ ಹಿಡಿದು ಅಳಿಸಿದ. ಆಮೇಲೆ ಸ್ನೇಹಲತಾಗೆ ಫೋನ್ ಮಾಡಿ ಅವಳ ಹತ್ತಿರವಿದ್ದದ್ದನ್ನೂ ತೆಗೆಯಲು ಹೇಳಿದ. ಅವಳು ಆಯಿತೆಂದಳು, ಶನಿವಾರದ ಹಳ್ಳಿ ಅಭ್ಯಾಸದಲ್ಲಿ ಹೊಸದಾಗಿ ಒಂದು ಮಾಡಿ ಕೊಡಿ ಎಂದಳು. ಫೋನ್ ಇಟ್ಟ ಮೇಲೆ ಗಂಡ ಹೆಂಡತಿ ಇಬ್ಬರೂ ತಣ್ಣಗಾದ ಚಹಾ ಕುಡಿದರು.

“ನೀ ಹೇಳಿದ್ದು ಖರೇನ? ಹೋಗಿ ಇರೂದು?” ಎಂದು ಅವನು ಕೇಳಿದ.

“ಖರೇನ.”

ಮುಂದೆ ಕೇಳಬೇಕಾದ ಪ್ರಶ್ನೆಗಳು ಅವನ ಹತ್ತಿರ ಬೇಕಾದಷ್ಟಿದ್ದವು. ಅಡುಗೆ ಯಾರು ಮಾಡಬೇಕು ಎಂಬುದರಿಂದ ಹಿಡಿದು ಜನ ಏನೆಂದಾರು ಎಂಬಲ್ಲಿಯವರೆಗೆ. ಒಂದನ್ನೂ ಕೇಳಲಿಲ್ಲ. ಅದು ಕಲಿತ ವಿಧಾನದಿಂದಲೋ ಭಯದಿಂದಲೋ ಅವನಿಗೇ ತಿಳಿಯಲಿಲ್ಲ.

ಶನಿವಾರ ಸಂಸ್ಥೆಯ ಗಾಡಿ ಅವರನ್ನು ಪಟಾನ್‌ಚೆರು ದಾಟಿಸಿ ಒಂದು ಹಳ್ಳಿಯ ಬದಿಗೆ ಕರೆದೊಯ್ದಿತು. ಎರಡು ಕಾರ್ಖಾನೆ ಕಾಂಪೌಂಡುಗಳ ನಡುವೆ ಉಳಿದಿದ್ದ ಜಮೀನಿನಲ್ಲಿ ಲಿಂಗಸುಗೂರು ಕಡೆಯಿಂದ ಬಂದ ಅಮರೇಶಪ್ಪ, ಸೂಗಮ್ಮ ಎಂಬ ಗಂಡ ಹೆಂಡತಿ ಪಾಲಕ್, ಕೊತ್ತಂಬರಿ ಬೆಳೆಯುತ್ತಿದ್ದರು. ಮೊದಲು ಕಟ್ಟಡದ ಕೆಲಸಕ್ಕೆ ಬಂದವರು. ಮೂರು ಸುಗ್ಗಿಯಿಂದ ಈ ಜಮೀನನ್ನು ವರ್ಷಕ್ಕಿಷ್ಟು ಬಾಡಿಗೆಯೆಂದು ಲಾವಣಿ ಹಿಡಿದಿದ್ದರು. ಕನ್ನಡದವರೆಂದು ಕಾಶಿನಾಥನನ್ನೂ ಪೂರ್ವಿಯನ್ನೂ ಅಲ್ಲಿ ಇಳಿಸಿದರು.

ಸೂಗಮ್ಮ ಬೇವಿನ ನೆರಳಲ್ಲಿ ಪಾಲಕ್ ಕಟ್ಟು ಕಟ್ಟುತ್ತಿದ್ದಳು. ಅಮರೇಶಪ್ಪ ಪಕ್ಕದಲ್ಲಿ ನಿಂತಿದ್ದ. ಕಾಶಿನಾಥ ಒಪ್ಪಿಗೆಯ ಹಾಳೆ ತೆಗೆದು ಮೊದಲ ಅಕ್ಷರದಿಂದ ಕೊನೆಯವರೆಗೆ ಓದಿದ. ಯಾರು ಕೇಳುತ್ತಾರೆ, ಯಾಕೆ ಬೇಕು, ಎಲ್ಲಿ ಇಡುತ್ತಾರೆ, ಯಾವಾಗ ಬೇಕಾದರೂ ನಿಲ್ಲಿಸಬಹುದು.

“ಬ್ಯಾಡಂದ್ರ?” ಎಂದಳು ಸೂಗಮ್ಮ.

“ಬ್ಯಾಡಂದ್ರ ಎದ್ದು ಹೋಗ್ತೀವ್ರೀ, ತಾಯಿ.”

ಅವಳು ಗಂಡನ ಮುಖ ನೋಡಿದಳು, ಮೊಬೈಲ್ ನೋಡಿದಳು. “ಮಾತಾಡಾಕ ಬ್ಯಾಡಂತಿಲ್ಲ. ಅದನ್ನ ಮಾತ್ರ ಒಳಗ ಇಡ್ರಿ.”

ಪೂರ್ವಿ ಕಾಶಿನಾಥನ ಕಡೆ ನೋಡಿದಳು. ಧ್ವನಿಮುದ್ರಣವಿಲ್ಲದಿದ್ದರೆ ಅವನ ಹೋಮ್‌ವರ್ಕ್ ಮತ್ತೆ ಕೈತಪ್ಪಿ ಹೋಗುತ್ತದೆ. ಅವನು ಮೊಬೈಲ್ ಜೇಬಿಗೆ ಹಾಕಿದ.

ಮೊದಮೊದಲು ಸೂಗಮ್ಮನಿಗೆ ಕೇಳಿದ್ದಕ್ಕೆಲ್ಲ ಅಮರೇಶಪ್ಪನೇ ಉತ್ತರ ಕೊಟ್ಟ. ಏನು ಬೆಳೀಬೇಕೆಂದು ಠರಾಯಿಸೋದು ನಾನೇ, ಮಾರ್ಕೆಟ್ಟಿಗೆ ಹೋಗೋದೂ ನಾನೇ, ಇವಳದೇನಿದ್ದರೂ ಕೀಳೋದು, ಕಟ್ಟೋದು ಎಂದ. ಬೀಜದ ಅಂಗಡಿಗಳಲ್ಲಿ ಕಾಶಿನಾಥ ಇಂಥವರೊಂದಿಗೇ ಮಾತಾಡಿ ಎದ್ದು ಬಂದದ್ದು. ಸ್ವಲ್ಪ ಹೊತ್ತಿಗೆ ಪೂರ್ವಿ ಬೋರ್‌ವೆಲ್ ಕಡೆ ನೀರು ಹಾಯಿಸೋದನ್ನು ತೋರಿಸಿ ಎಂದು ಅಮರೇಶಪ್ಪನನ್ನು ಕರೆದುಕೊಂಡು ಹೋದಳು. ಕಾಶಿನಾಥ ನೆಲದ ಮೇಲೆ ಕೂತ. ಕಟ್ಟಿನ ನಾರು ಮುಗಿದಾಗ ಎತ್ತಿಕೊಟ್ಟ. ಸುಮ್ಮನಿದ್ದ.

“ಅವರು ಮಾರ್ಕೆಟ್ಟಿಗೆ ಹೋಗೂದು ಖರೇ,” ಎಂದು ಸೂಗಮ್ಮ ತಾನಾಗಿ ಶುರು ಮಾಡಿದಳು. “ಏನ್ ಹಾಕಬೇಕು ಅನ್ನೂದನ್ನ ನಾನೂ ಅಲ್ಲ, ಅವರೂ ಅಲ್ಲ, ಜಮೀನಿನ ಮಾಲಕ ಹೇಳ್ತಾನ. ಬದನಿ ಹಾಕಬ್ಯಾಡ ಅಂದ. ಬದನಿ ನಿಂತ್ರ ಭಾಳ ದಿನ ನಿಲ್ತೈತಿ, ಅವಗ ಯಾವಾಗ ಜಮೀನು ಮಾರಬೇಕೋ ಗೊತ್ತಿಲ್ಲ. ಅದಕ್ಕ ತಿಂಗಳದಾಗ ಮುಗಿಯೂ ಪಲ್ಲೆ ಮಾತ್ರ. ಅವರಿಗೆ ಅದನ್ನ ಹೇಳಾಕ ನಾಚಿಕಿ.”

ತೀರ್ಮಾನ ಯಾರದು? ಗಂಡನದು, ಇಲ್ಲವೇ ಹೆಂಡತಿಯದು. ಪ್ರಶ್ನಾವಳಿಯಲ್ಲಿ ಇದ್ದದ್ದು ಅಷ್ಟೇ. ಮೂರನೆಯವನೊಬ್ಬ ಇರಬಹುದೆಂದು ಅದನ್ನು ಬರೆದವರಿಗೂ ಹೊಳೆದಿರಲಿಲ್ಲ, ಕಾಶಿನಾಥನಿಗೂ ಹೊಳೆದಿರಲಿಲ್ಲ. ಅವಳು ಇನ್ನೂ ಹೇಳಿದಳು. ಊರಲ್ಲಿರುವ ಅತ್ತೆಯ ಬಗ್ಗೆ, ಕಾರ್ಖಾನೆಯ ಕಾವಲಿನವನು ದಿನಾ ಒಂದು ಕಟ್ಟು ಪುಕ್ಕಟೆ ಒಯ್ಯುವುದರ ಬಗ್ಗೆ. ಹೇಳುತ್ತಲೇ ಒಂದು ಎಲೆಯನ್ನು ತಿರುವಿ ಅವನ ಮುಂದೆ ಹಿಡಿದಳು. ಅಡಿಯಲ್ಲಿ ಸಸ್ಯಹೇನು ಮುತ್ತಿತ್ತು.

“ಇದಕ್ಕ ಏನ್ ಹೊಡೀಬೇಕ್ರಿ?”

ಅವನ ನಾಲಿಗೆಯ ತುದಿಗೆ ಮೂರು ಔಷಧಿಗಳ ಹೆಸರು ಬಂದವು. “ನೀವು ಇದಕ್ಕ ಏನ್ ಮಾಡ್ತೀರಿ?” ಎಂದು ಕಲಿತದ್ದನ್ನೇ ಕೇಳಿದ.

“ನಾ ನಿಮ್ಮನ್ನ ಕೇಳಿದ್ನಿ,” ಎಂದಳು ಸೂಗಮ್ಮ, ಸ್ವಲ್ಪ ಬಿರುಸಾಗಿ. “ಒಂದು ತಾಸಿನಿಂದ ನೀವು ಕೇಳಿದ್ದಕ್ಕೆಲ್ಲಾ ಹೇಳೀನಿಲ್ಲೋ?”

ಅದೂ ನ್ಯಾಯವೇ ಎನಿಸಿತು ಕಾಶಿನಾಥನಿಗೆ. ತಿನ್ನುವ ಸೊಪ್ಪು, ಗಟ್ಟಿ ಔಷಧಿ ಬೇಡ, ಹೇನು ಹಿಡಿದ ಎಲೆ ಕಿತ್ತು ದೂರ ಹಾಕಿ, ಬೇವಿನ ಎಣ್ಣೆಯನ್ನು ಸೋಪಿನ ನೀರಿಗೆ ಬೆರೆಸಿ ಸಂಜೆ ಹೊಡೆಯಿರಿ ಎಂದು ಹೇಳಿದ. ಹೇಳಿ ನಿಲ್ಲಿಸಿದ. ಹೊರಡುವಾಗ ಸೂಗಮ್ಮ ಇಬ್ಬರಿಗೂ ಒಂದೊಂದು ಕಟ್ಟು ಕೊತ್ತಂಬರಿ ಕೊಟ್ಟಳು.

ಗಾಡಿಯಲ್ಲಿ ಕೂತವನೇ ನೆನಪಿರುವಾಗಲೇ ಬರೆಯತೊಡಗಿದ. ಪಟಾನ್‌ಚೆರು ಬಸ್ ನಿಲ್ದಾಣದ ಬಳಿ ಪಾಳಿ ಬಿಟ್ಟ ಕೆಲಸಗಾರರ ಗದ್ದಲದಲ್ಲಿ ಗಾಡಿ ನಿಂತಾಗಲೂ ಬರೆಯುತ್ತಿದ್ದ. ಆ ಬರಹವನ್ನು ಸ್ನೇಹಲತಾ ಸೋಮವಾರ ಓದಿದಳು. ಒಂದು ಕಡೆ ‘ಸೂಗಮ್ಮನಿಗೆ ಈ ಬಾಳು ಬೇಸರವಾಗಿದೆ’ ಎಂದಿತ್ತು. ಇದು ಅವಳು ಹೇಳಿದ್ದೋ, ನಿಮಗನಿಸಿದ್ದೋ ಎಂದು ಕೇಳಿದಳು. ಅವನು ಯೋಚಿಸಿ, ನನಗನಿಸಿದ್ದು ಎಂದ. ಹಾಗಾದರೆ ಹಾಗೇ ಬರೆಯಿರಿ ಎಂದು ಆ ಸಾಲಿಗೆ ಗೆರೆ ಎಳೆದಳು. ಉಳಿದದ್ದಕ್ಕೆ ಒಪ್ಪಿದಳು. ಧ್ವನಿಮುದ್ರಣವಿಲ್ಲದ್ದನ್ನು ದೊಡ್ಡದು ಮಾಡಲಿಲ್ಲ. ಮಾಲೀಕನ ಮಾತನ್ನು ಪ್ರಶ್ನಾವಳಿಯಲ್ಲಿ ಸೇರಿಸಲು ಮೇಲಿನವರಿಗೆ ಬರೆದಳು. ಸೇರಿಸಿದರೋ ಇಲ್ಲವೋ ಕಾಶಿನಾಥನಿಗೆ ಗೊತ್ತಾಗಲಿಲ್ಲ.

ಜೂನಿನಲ್ಲಿ ಬಿತ್ತನೆಗೆ ಬೇಕಾದ ಮಿರಗದ ಮಳೆ ಬಿತ್ತೆಂದು ಬಂಡೆಮ್ಮ ಫೋನ್ ಮಾಡಿದ ಮೂರನೇ ದಿನ ಶಿವಗಂಗಾ ಹೊರಟಳು. ಪುಣೆಯಿಂದ ಮಗಳು ಫೋನ್ ಮಾಡಿ ಇಬ್ಬರಲ್ಲಿ ಜಗಳವಾಯಿತೇನು ಎಂದು ವಿಚಾರಿಸಿದಳು. ಇಲ್ಲವೆಂದು ತಾಯಿ ತಂದೆ ಬೇರೆ ಬೇರೆಯಾಗಿ ಹೇಳಿದರು; ಅದು ನಿಜವೂ ಆಗಿತ್ತು. ಕಾಶಿನಾಥ ಬಸ್ಸಿನವರೆಗೆ ಬ್ಯಾಗು ಹೊತ್ತುಕೊಂಡು ಹೋದ. ಕಿಟಕಿಯ ಹತ್ತಿರ ನಿಂತು ಗ್ಯಾಸು, ಹಾಲು, ನೀರಿನ ಮೋಟಾರಿನ ಬಗ್ಗೆ ಅವಳು ಹೇಳಿದ್ದಕ್ಕೆಲ್ಲ ಹೂಂಗುಟ್ಟಿದ. ಬಸ್ಸು ಹೋದ ಮೇಲೆ ಮನೆಗೆ ಬಂದರೆ, ಅವನೊಬ್ಬನೇ ಎಷ್ಟು ಬೇಕಾದರೂ ತುಂಬಿಕೊಳ್ಳುವಷ್ಟು ಮನೆ ಖಾಲಿ ಬಿದ್ದಿತ್ತು. ಮೂರು ವಾರ ಅವನು ಸುಟ್ಟ ರೊಟ್ಟಿ, ಅರೆಬೆಂದ ಅನ್ನ ಉಂಡ. ಆಮೇಲೆ ಎದುರಿನ ಮೆಸ್ಸಿಗೆ ಹೇಳಿದ.

ಆಷಾಢದಲ್ಲಿ ಕೆಲಸ ಶುರುವಾಯಿತು. ನಾರಾಯಣಪೇಟದಲ್ಲಿ ಒಂದು ಕೋಣೆ ಹಿಡಿದು ಚಿಂತಲ್‌ನ ಮನೆಗೆ ಬೀಗ ಹಾಕಿದ. ವಾರವಿಡೀ ಗಡಿ ಹಳ್ಳಿಗಳಲ್ಲಿ ಕಟ್ಟೆಗಳ ಮೇಲೆ, ಹಿತ್ತಲುಗಳಲ್ಲಿ ಕೂತು ಕೇಳುತ್ತಿದ್ದ. ಕೆಲವು ದಿನ ಹಳೆಯ ಚಾಳಿ ಎದ್ದು ಮಾತಾಡಿಬಿಡುತ್ತಿದ್ದ. ಆ ದಿನದ ಬರಹ ತೆಳ್ಳಗಿರುತ್ತಿತ್ತು. ಗುರುಮಠಕಲ್ ಅಲ್ಲಿಂದ ದೂರವಿರಲಿಲ್ಲ. ಶ್ರಾವಣದ ಒಂದು ಭಾನುವಾರ ಬಸ್ಸು ಹತ್ತಿ ಹೋದ.

ಶಿವಗಂಗಾ ಬಿಸಿಲಿಗೆ ಕಪ್ಪಾಗಿದ್ದಳು. ತವರಿನವರ ಹಳೆಯ ಮನೆಯ ಎರಡು ಕೋಣೆಗಳಲ್ಲಿ ಅವಳ ವಾಸ. ಗಂಡನನ್ನು ಕಂಡು ಆಶ್ಚರ್ಯವನ್ನೇನೂ ತೋರಿಸದೆ ಕಾಲಿಗೆ ನೀರು ಕೊಟ್ಟಳು. ಜೋಳದ ರೊಟ್ಟಿ, ಪುಂಡಿಪಲ್ಲೆ ಬಡಿಸಿ ಎದುರಿಗೆ ಕೂತಳು.

“ಹಳ್ಯಾಗ ಮಂದಿ ಏನೇನ್ ಹೇಳ್ತಾರ ನಿಮಗ?”

“ಹೇಳಂಗಿಲ್ಲ. ಅವರಿಗೆ ಮಾತು ಕೊಟ್ಟಿರ್ತೀವಿ.”

ಅವಳಿಗೆ ನಗು ಬಂತು. “ಹಂಗಾದ್ರ ನಂದೇ ಕೇಳ್ರಿ,” ಎಂದು ಶುರು ಮಾಡಿದಳು. ಕಳೆಗೆ ಬರಬೇಕಾದ ಹೆಂಗಸರು ಬೇರೆ ಹೊಲಕ್ಕೆ ಹೋದದ್ದು, ಪಕ್ಕದವನ ಆಡು ನುಗ್ಗಿದ್ದು, ಬಂಡೆಮ್ಮನಿಗೂ ತನಗೂ ಹೆಸರುಕಾಳಿನ ವಿಷಯಕ್ಕೆ ಮಾತು ಬಿಟ್ಟು ಮತ್ತೆ ಸರಿಹೋದದ್ದು. ಕಾಶಿನಾಥ ಉಣ್ಣುತ್ತ ಕೇಳಿದ. ಆಡಿನ ವಿಷಯಕ್ಕೆ ಅವನ ಹತ್ತಿರ ಒಂದು ಉಪಾಯವಿತ್ತು. ಅವಳು ಕೇಳಲಿಲ್ಲ, ಅವನು ಹೇಳಲಿಲ್ಲ.

ಕೈ ತೊಳೆಯುವಾಗ ಮಾತ್ರ ತಡೆಯಲಾಗದೆ ಒಂದು ಪ್ರಶ್ನೆ ಕೇಳಿದ. “ರಾಶಿ ಆದ ಮ್ಯಾಲೆ?”

“ಇನ್ನೂ ಠರಾಯಿಸಿಲ್ಲ,” ಎಂದಳು ಶಿವಗಂಗಾ. ಮುಚ್ಚಿಡುವುದೇನೂ ಅದರಲ್ಲಿರಲಿಲ್ಲ, ಅವಳು ನಿಜವಾಗಿಯೂ ಠರಾಯಿಸಿರಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದಳು, ಅವನು ನಾರಾಯಣಪೇಟದ ಬಸ್ಸು ಹತ್ತಿದ.